ಕೋಳಿಮರಿ, ಬಲ್ಬು ಮತ್ತು ಒದ್ದೆ ಉಮಿ

ಕೋಳಿಮರಿ ಸಾಕುವ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವುದು ಬಿಸಿಯ ಮಾತು. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಪುಕ್ಕ ಪೂರ್ತಿ ಬಂದ ಮೇಲೆ, ಅಂದರೆ ಐದಾರು ವಾರಕ್ಕೆ, ಬಲ್ಬು ತೆಗೆಯಬಹುದು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಉಡುಪಿಯಲ್ಲಿ ಹಂಚಿನ ಮಾಡಿನ ಕೆಳಗೆ ಕೂತು ಇದನ್ನು ಓದಿದರೆ ನಗು ಬರುತ್ತದೆ. ಅಷ್ಟು ಬಿಸಿ ಎಲ್ಲಿಂದ ತರುವುದು ಅನ್ನುವ ಚಿಂತೆ ನಮಗಿಲ್ಲ. ಅದು ಕರೆಯದೆಯೇ ಬಂದು ಕೂತಿರುತ್ತದೆ.

ನಮ್ಮ ಕಡೆ ಮರಿಗಳ ಜೀವ ತೆಗೆಯುವುದು ಒದ್ದೆ. ಇದನ್ನು ಹೇಳಲಿಕ್ಕೆಂದೇ ಇಷ್ಟು ಬರೆಯುತ್ತಿದ್ದೇನೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರು ಇದು, ಅದರಲ್ಲಿ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಪ್ಪಲಿಗೆ ಬೂಸ್ಟು ಹಿಡಿಯುತ್ತದೆ. ಉಪ್ಪಿನ ಭರಣಿಯಲ್ಲಿ ನೀರು ಒಸರುತ್ತದೆ. ಅಂಥ ಹವೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ದಿನವಿಡೀ ತಿಂದು, ಕುಡಿದು, ಹಿಕ್ಕೆ ಹಾಕುವ ಒಂದಷ್ಟು ಮರಿ ಇಟ್ಟುಕೊಂಡರೆ ಏನಾಗುತ್ತದೆ ಯೋಚಿಸಿ.

ನಮ್ಮ ಮನೆ ಇರುವುದು ಉಡುಪಿಯಿಂದ ಸ್ವಲ್ಪ ಒಳಗೆ, ಹಿರಿಯಡ್ಕದ ಕಡೆ. ತೋಟ ಅನ್ನುವಷ್ಟು ದೊಡ್ಡದಲ್ಲ, ಅಂಗಳಕ್ಕಿಂತ ಸ್ವಲ್ಪ ಜಾಸ್ತಿ ಜಾಗ. ಮರಿ ಬೇಕು ಅಂತ ಹಠ ಹಿಡಿದವಳು ಮಗಳು. ಬೇಡ ಅಂದವರು ಅತ್ತೆ. ಅವರು ದನ, ಕೋಳಿ, ಗದ್ದೆ ಎಲ್ಲ ಇದ್ದ ಮನೆಯಲ್ಲಿ ಬೆಳೆದವರು. ಹಾಗಾಗಿ ಅದರಲ್ಲಿ ಅವರಿಗೆ ಯಾವ ಆಸೆಯೂ ಉಳಿದಿಲ್ಲ. "ಮರಿ ನೋಡ್ಲಿಕ್ಕೆ ಚಂದ ಉಂಟು ಮಾರಾಯ್ತಿ. ಹಿಕ್ಕೆ ಬಾಚುವುದು ಯಾರು?" ಅಂತ ಕೇಳಿದ್ದರು. ಪ್ರಶ್ನೆ ಎಲ್ಲರಿಗೂ ಕೇಳಿದ್ದು. ಉತ್ತರ ನಾನೇ.

ಅಂಗಡಿಯಲ್ಲಿ ಸಿಗುವುದು ಒಂದು ದಿನದ ಮರಿಗಳು. ತೂತು ಕೊರೆದ ಪೆಟ್ಟಿಗೆಯಲ್ಲಿ, ಎಲ್ಲಿಂದಲೋ ರಾತ್ರಿ ಬಸ್ಸಿನಲ್ಲಿ ಬಂದಿರುತ್ತವೆ. ದಾರಿಯಲ್ಲಿ ಅನ್ನವಿಲ್ಲ, ನೀರಿಲ್ಲ. ಹೇಗೆ ಬದುಕುತ್ತವೆ ಅಂತ ನನಗೂ ಆಶ್ಚರ್ಯವಾಗಿತ್ತು. ಮೊಟ್ಟೆ ಒಡೆಯುವ ಮೊದಲು ಮರಿ ಉಳಿದ ಹಳದಿಯನ್ನೆಲ್ಲ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಅದರ ಬಲದಲ್ಲಿ ಎರಡು ದಿನ ತಡೆದುಕೊಳ್ಳಬಲ್ಲದು. 21 ದಿನ ಕಾವು ಕೊಟ್ಟರೂ ಹೇಂಟೆಯ ಅಡಿಯಲ್ಲಿ ಎಲ್ಲ ಮೊಟ್ಟೆಯೂ ಒಂದೇ ಗಳಿಗೆಗೆ ಒಡೆಯುವುದಿಲ್ಲವಲ್ಲ. ಕೊನೆಯದು ಹೊರಗೆ ಬರುವ ತನಕ ತಾಯಿ ಏಳುವಂತಿಲ್ಲ, ಮೊದಲು ಬಂದದ್ದು ಕಾಯಬೇಕು. ಆ ಕಾಯುವಿಕೆಗೆ ಕಟ್ಟಿಕೊಟ್ಟ ಬುತ್ತಿ ಅದು. ಈಗ ಮರಿ ಮಾರುವ ವ್ಯಾಪಾರವೆಲ್ಲ ನಡೆಯುವುದು ಈ ಬುತ್ತಿಯ ಮೇಲೆಯೇ.

ಮನೆಗೆ ಬಂದ ಕೂಡಲೇ ಮೊದಲು ನೀರು, ಆಮೇಲೆ ಆಹಾರ. ನೀರಿಗೆ ಚೂರು ಬೆಲ್ಲ ಹಾಕಿದರೆ ಪ್ರಯಾಣದ ಸುಸ್ತು ಇಳಿಯುತ್ತದೆ. ತಟ್ಟೆ ಚಪ್ಪಟೆಯದಾಗಿರಬೇಕು, ಅದರಲ್ಲಿ ನಾಲ್ಕು ಬೆಣಚು ಕಲ್ಲು ಇಡಬೇಕು. ಇಲ್ಲದಿದ್ದರೆ ಮರಿ ನೀರಿಗೆ ಬಿದ್ದು ಒದ್ದೆಯಾಗಿ ಸೆಟೆದುಕೊಳ್ಳುತ್ತದೆ. ಒಂದೊಂದನ್ನೇ ಎತ್ತಿ ಕೊಕ್ಕಿನ ತುದಿ ನೀರಿಗೆ ಮುಟ್ಟಿಸಬೇಕು. ಎರಡು ಮೂರು ಮರಿ ಕಲಿತರೆ ಸಾಕು, ಉಳಿದವು ನೋಡಿ ಕಲಿಯುತ್ತವೆ.

ಬಿಸಿಯ ಕತೆಗೆ ಬರುತ್ತೇನೆ. ಹಗಲು ಬೇಡದಿದ್ದರೂ ರಾತ್ರಿ ಬೇಕು, ಮಳೆ ಹಿಡಿದ ದಿನ ಹಗಲೂ ಬೇಕು. ಹಿಂದೆ 60 ವ್ಯಾಟಿನ ಹಳದಿ ಬಲ್ಬು ತೂಗುಹಾಕಿದರೆ ಮುಗಿಯಿತು. ಈಗ ಬಲ್ಬು ಕೊಡಿ ಅಂದರೆ ಅಂಗಡಿಯವರು ಎಲ್‌ಇಡಿ ಮುಂದಿಡುತ್ತಾರೆ. ಅದರಲ್ಲಿ ಬೆಳಕು ಉಂಟು, ಮರಿಗೆ ಸಾಕಾಗುವ ಬಿಸಿ ಇಲ್ಲ. ಹಳೆಯ ಬಲ್ಬು ಮೂಲೆಗೆ ಹೋದದ್ದೇ ಕರೆಂಟಿನ ಬಹುಪಾಲನ್ನು ಬಿಸಿಯಾಗಿ ಹಾಳುಮಾಡುತ್ತದೆ ಅನ್ನುವ ಕಾರಣಕ್ಕೆ. ನಮಗೆ ಬೇಕಾದ್ದು ಆ ಕೆಟ್ಟ ಗುಣವೇ! ಊರೊಳಗಿನ ಹಳೆಯ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ, ಮೇಲಿನ ಅಟ್ಟದಲ್ಲಿ, ಧೂಳು ಹಿಡಿದ ಒಂದೆರಡು ಡಬ್ಬಿ ಇನ್ನೂ ಇರುತ್ತವೆ. ಕೇಳಿ ನೋಡಿ. ಸಿಗದಿದ್ದರೆ ಬೆಳಕಿಲ್ಲದೆ ಬರೇ ಬಿಸಿ ಕೊಡುವ ಸೆರಾಮಿಕ್ ಬಲ್ಬುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಅದಕ್ಕೆ ಪ್ಲಾಸ್ಟಿಕ್ ಹೋಲ್ಡರ್ ಆಗುವುದಿಲ್ಲ, ಪಿಂಗಾಣಿಯದ್ದೇ ಬೇಕು.

ಕರೆಂಟ್ ಹೋದರೆ? ಹೋಗುತ್ತದೆ. ಗಾಳಿಮಳೆಗೆ ತಂತಿಯ ಮೇಲೆ ಮರದ ಗೆಲ್ಲು ಬಿದ್ದರೆ ರಾತ್ರಿಯಿಡೀ ಇಲ್ಲ. ಆಗ ಬಾಟಲಿಗೆ ಬಿಸಿನೀರು ತುಂಬಿಸಿ, ಹಳೆ ಬೈರಾಸು ಸುತ್ತಿ, ಪೆಟ್ಟಿಗೆಯ ಒಂದು ಬದಿಗೆ ಮಲಗಿಸಿಡುತ್ತೇವೆ. ಮರಿಗಳು ಅದಕ್ಕೇ ಒರಗಿ ಮಲಗುತ್ತವೆ. ಅತ್ತೆಯ ತಾಯಿಮನೆಯಲ್ಲಿ ಮಡಕೆಯಲ್ಲಿ ಕೆಂಡ ಇಡುತ್ತಿದ್ದರಂತೆ. ಅದು ಎಲ್ಲ ಕಡೆಯಿಂದ ಗಾಳಿಯಾಡುವ ಹಳೆಯ ಕೊಟ್ಟಿಗೆಗೆ ಆದೀತು. ಕಿಟಕಿ ಮುಚ್ಚಿದ ಈಗಿನ ಕೋಣೆಯಲ್ಲಿ ಕೆಂಡದ ಹೊಗೆ ಮರಿಗೂ ಅಪಾಯ, ಮನುಷ್ಯರಿಗೂ ಅಪಾಯ.

ಥರ್ಮಾಮೀಟರ್ ಕೊಳ್ಳಬೇಕಾ ಅಂತ ಕೇಳುವವರಿಗೆ ನನ್ನ ಉತ್ತರ, ಮರಿಗಳನ್ನು ನೋಡಿ ಸಾಕು. ಬಲ್ಬಿನ ಕೆಳಗೆ ಒಂದರ ಮೇಲೊಂದು ಮುದ್ದೆಯಾಗಿ, ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರೆ ಚಳಿ. ಗೋಡೆಗೆ ಒತ್ತಿಕೊಂಡು ಬಾಯಿ ತೆರೆದು ಏದುತ್ತಿದ್ದರೆ ಬಿಸಿ ಜಾಸ್ತಿ. ಎಲ್ಲ ಒಂದೇ ಮೂಲೆ ಹಿಡಿದಿದ್ದರೆ ಆಚೆ ಕಡೆಯಿಂದ ಗಾಳಿ ಹೊಡೆಯುತ್ತಿದೆ. ಅಲ್ಲೊಂದು ಇಲ್ಲೊಂದು ಚದುರಿ, ಸಣ್ಣಗೆ ಕಿಚಿಕಿಚಿ ಮಾತಾಡುತ್ತಿದ್ದರೆ ಎಲ್ಲ ಸರಿ ಇದೆ. ಇನ್ನೊಂದು ವಿಷಯ. ಓಡುತ್ತಿದ್ದ ಮರಿ ಇದ್ದಕ್ಕಿದ್ದ ಹಾಗೆ ಕತ್ತು ಚಾಚಿ, ಕಾಲು ಹಿಂದಕ್ಕೆ ಬಿಟ್ಟು ಬಿದ್ದುಕೊಂಡರೆ ಅಳಬೇಡಿ. ಮಲಗಿದೆ ಅಷ್ಟೆ. ನಮ್ಮ ಮಗಳು ಅಳುವುದೂ ಮರಿ ಏಳುವುದೂ ಒಟ್ಟಿಗೇ ಆಗುತ್ತಿತ್ತು.

ಈಗ ಒದ್ದೆ. ಪೆಟ್ಟಿಗೆಗೆ ಎರಡು ಇಂಚು ದಪ್ಪ ಭತ್ತದ ಉಮಿ ಹಾಸಬೇಕು. ಅಕ್ಕಿ ಮಿಲ್ಲಿನಲ್ಲಿ ಕೇಳಿದರೆ ಸಿಗುತ್ತದೆ. ಮೊದಲ ಒಂದೆರಡು ದಿನ ಉಮಿಯನ್ನೇ ತಿನ್ನಲು ಹೋಗುತ್ತವೆ, ಹಾಗಾಗಿ ಮೇಲೆ ಹಳೆಯ ಹತ್ತಿ ಬಟ್ಟೆ ಹಾಸುವುದು ಒಳ್ಳೆಯದು. ಬರೇ ನ್ಯೂಸ್‌ಪೇಪರ್ ಹಾಸುವವರೇ ಜಾಸ್ತಿ. ಅದು ಜಾರುತ್ತದೆ. ಜಾರುವ ನೆಲದಲ್ಲಿ ಎಳೆಯ ಕಾಲುಗಳು ಎರಡು ಬದಿಗೆ ಅಗಲಿ, ಮರಿ ನಿಲ್ಲಲಾರದೆ ಉಳಿದುಬಿಡುತ್ತದೆ. ನೀರಿನ ತಟ್ಟೆಯನ್ನು ಉಮಿಯ ಮೇಲೆ ಇಡದೆ ಒಂದು ಹಂಚಿನ ತುಂಡಿನ ಮೇಲೆ ಇಡಿ. ಸುತ್ತಲಿನ ಉಮಿ ಮುದ್ದೆಯಾದದ್ದನ್ನು ದಿನಾ ತೆಗೆದು ಒಣಗಿದ್ದನ್ನು ಹಾಕಿ. ಬಗ್ಗಿ ಮೂಗು ಇಟ್ಟಾಗ ಕಣ್ಣು ಚುರುಗುಟ್ಟಿದರೆ ತಡವಾಗಿದೆ ಅಂತ ಲೆಕ್ಕ. ನಮಗೆ ಬಗ್ಗಿದಾಗ ಮಾತ್ರ ಉರಿ. ಮರಿಗಳ ಮೂಗು ಇರುವುದೇ ಆ ಎತ್ತರದಲ್ಲಿ.

ಇಷ್ಟೆಲ್ಲ ಯಾಕೆ ಅಂದರೆ ರಕ್ತಭೇದಿ. ಕಾಕ್ಸಿಡಿಯೋಸಿಸ್ ಅನ್ನುತ್ತಾರೆ. ಮೂರರಿಂದ ಆರು ವಾರದ ಮರಿಗಳಿಗೆ ಜಾಸ್ತಿ. ಕರುಳಿನೊಳಗೆ ಬೆಳೆಯುವ ಒಂದು ಸೂಕ್ಷ್ಮಜೀವಿ ಇದಕ್ಕೆ ಕಾರಣ. ಅದರ ಮೊಟ್ಟೆಯಂಥ ಕಣಗಳು ಹಿಕ್ಕೆಯಲ್ಲಿ ಹೊರಗೆ ಬರುತ್ತವೆ. ಆದರೆ ಬಂದ ತಕ್ಷಣ ಅವು ರೋಗ ಹರಡುವುದಿಲ್ಲ. ಹದಕ್ಕೆ ಬರಲು ಅವಕ್ಕೆ ತೇವ ಬೇಕು, ಬೆಚ್ಚಗೆ ಬೇಕು, ಒಂದೆರಡು ದಿನ ಬೇಕು. ಬೆಚ್ಚಗೆ ಮಾಡುವುದು ನಾವೇ, ಬಲ್ಬು ಹಾಕಿ. ತೇವ ಆಕಾಶದಿಂದ ಬರುತ್ತದೆ. ನಮ್ಮ ಕೈಯಲ್ಲಿ ಉಳಿದದ್ದು ಆ ಒಂದೆರಡು ದಿನ ಮಾತ್ರ. ಅಷ್ಟರೊಳಗೆ ಉಮಿ ಬದಲಾಯಿಸಿದರೆ ಅದಕ್ಕೆ ಹದ ಸಿಗುವುದಿಲ್ಲ. ಇದು ಗೊತ್ತಾದ ಮೇಲೆ ಹಿಕ್ಕೆ ಬಾಚುವ ಕೆಲಸದ ಮೇಲೆ ನನಗೆ ಸ್ವಲ್ಪ ಗೌರವ ಬಂತು. ಹಿಕ್ಕೆಯಲ್ಲಿ ಕೆಂಪು ಕಂಡರೆ, ಮರಿ ರೆಕ್ಕೆ ಜೋತುಬಿಟ್ಟು ಮಂಕಾಗಿ ನಿಂತರೆ, ಕೂಡಲೇ ಪಶುವೈದ್ಯರನ್ನು ಕೇಳಿ. ನೀರಿಗೆ ಹಾಕುವ ಔಷಧಿ ಇದೆ, ಬೇಗ ಕೊಟ್ಟರೆ ಉಳಿಯುತ್ತವೆ.

ಆಹಾರಕ್ಕೂ ಒದ್ದೆಯ ಕಾಟ ತಪ್ಪಿದ್ದಲ್ಲ. ಮರಿಗಳ ಸ್ಟಾರ್ಟರ್ ಫೀಡಿನಲ್ಲಿ ಮುಖ್ಯವಾಗಿ ಇರುವುದು ಜೋಳದ ಹುಡಿ, ಅಂದರೆ ಮುಸುಕಿನ ಜೋಳ. ತೇವ ಹೀರಿ ಬೂಸ್ಟು ಹಿಡಿದರೆ ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಕಡಿಮೆ ರೇಟಿಗೆ ಸಿಗುತ್ತದೆ ಅಂತ ಮಳೆಗಾಲದಲ್ಲಿ 50 ಕಿಲೋ ಚೀಲ ಹೊತ್ತು ತರಬೇಡಿ. ಸ್ವಲ್ಪ ಸ್ವಲ್ಪ ತಂದು ಮುಚ್ಚಳದ ಡಬ್ಬದಲ್ಲಿ ಇಡಿ. ಅತ್ತೆಗೆ ಈ ಫೀಡಿನ ಮೇಲೆ ನಂಬಿಕೆ ಇಲ್ಲ. "ನಮ್ಮ ಕಾಲದಲ್ಲಿ ಕುಚ್ಚಲಕ್ಕಿ ನುಚ್ಚು ತಿಂದೇ ಬೆಳೆದದ್ದು, ಎಂತ ಆಗಿದೆ?" ಅನ್ನುತ್ತಾರೆ. ಆಗಿನ ಮರಿಗಳು ತಾಯಿಯ ಹಿಂದೆ ತಿರುಗಿ ಗೆದ್ದಲು, ಎರೆಹುಳ, ಮಿಡತೆ ಎಲ್ಲ ತಿನ್ನುತ್ತಿದ್ದವು, ನುಚ್ಚು ಮೇಲಿನ ಕೈತುತ್ತು ಮಾತ್ರ. ಪೆಟ್ಟಿಗೆಯಲ್ಲಿ ಕೂಡಿಹಾಕಿದ ಮರಿಗೆ ಬರೇ ನುಚ್ಚು ಸಾಕಾಗುವುದಿಲ್ಲ. ಅದಕ್ಕೆ 20 ಪರ್ಸೆಂಟಿನಷ್ಟಾದರೂ ಪ್ರೋಟೀನ್ ಬೇಕು. ಕೆಲವು ಕೋಳಿ ಆಹಾರಕ್ಕೆ ಮೀನಿನ ಹುಡಿ ಬೆರೆಸುತ್ತಾರೆ, ಆ ಹುಡಿ ಮಾಡುವ ಕಾರ್ಖಾನೆಗಳು ನಮ್ಮ ಕರಾವಳಿಯಲ್ಲೇ ಇವೆ, ಅವಕ್ಕೆ ಹೋಗುವುದರಲ್ಲಿ ಬೂತಾಯಿ ಮೀನೂ ಉಂಟು ಅಂತ ಹೇಳಿದ ಮೇಲೆ ಅತ್ತೆಯ ವಿರೋಧ ಸ್ವಲ್ಪ ಕಡಿಮೆಯಾಯಿತು. ಬೂತಾಯಿ ತಿಂದದ್ದು ಬೆಳೆಯಲೇಬೇಕು ಅನ್ನುವುದು ಅವರ ಸಿದ್ಧಾಂತ. ಸಂಜೆ ಮಾತ್ರ ಒಣಗಿದ ತೆಂಗಿನ ಮಡಲು ಮಗುಚಿ, ಅಡಿಯ ಗೆದ್ದಲನ್ನು ಮರಿಗಳಿಗೆ ಉದುರಿಸುವುದನ್ನು ಅವರು ಬಿಟ್ಟಿಲ್ಲ. ಮರಿಗಳು ಅವರ ಹೆಜ್ಜೆಯ ಸದ್ದು ಕೇಳಿದರೆ ಸಾಕು, ಹುಚ್ಚೆದ್ದು ಓಡಿ ಬರುತ್ತವೆ. ಮರಿ ಬೇಡ ಅಂದವರು ಇವರೇ ತಾನೆ?

ಹಾಗಾಗಿ ಯಾವಾಗ ತರಬೇಕು ಅಂತ ಕೇಳಿದರೆ, ನವರಾತ್ರಿ ಕಳೆಯಲಿ ಅನ್ನುತ್ತೇನೆ. ದೀಪಾವಳಿಯ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ. ಮುಂದಿನ ಮಳೆ ಬರುವಾಗ ಮರಿಗಳು ಮರಿಗಳಾಗಿ ಉಳಿದಿರುವುದಿಲ್ಲ.

ಲಸಿಕೆಯದ್ದು ಒಂದು ತಮಾಷೆಯ ತಾಪತ್ರಯ. ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್ ರೋಗಕ್ಕೆ, ಮದ್ದಿಲ್ಲ, ಲಸಿಕೆ ಮಾತ್ರ. ಉತ್ತರಾಖಂಡದ ರಾಣಿಖೇತ್ ಪಟ್ಟಣದ ಹೆಸರು ಅದಕ್ಕೆ ಅಂಟಿಕೊಂಡಿದೆ. ಇಂಗ್ಲೆಂಡಿನಲ್ಲಿ ಅದೇ ರೋಗ ನ್ಯೂಕ್ಯಾಸಲ್ ಆಗಿದೆ. ಬಂದರೆ ಊರಿಡೀ ಕೋಳಿ ಖಾಲಿ. ಮೊದಲ ವಾರದಲ್ಲಿ ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರದ ಹೊತ್ತಿಗೆ ಮತ್ತೊಮ್ಮೆ, ಎರಡು ತಿಂಗಳಿಗೆ ಚುಚ್ಚುಮದ್ದು. ಕೆಲಸ ಸುಲಭ. ಆದರೆ ಲಸಿಕೆಯ ಸಣ್ಣ ಬಾಟಲಿಯಲ್ಲೂ 100 ಕೋಳಿಗೆ ಆಗುವಷ್ಟು ಇರುತ್ತದೆ, ಅದನ್ನು ಐಸಿನಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಮನೆಯಲ್ಲಿರುವುದು ಒಂದು ಪೆಟ್ಟಿಗೆ ಮರಿ. ಹಾಗಾಗಿ ನಾವು ಆಸುಪಾಸಿನ ಮನೆಗಳಿಗೆಲ್ಲ ಮೊದಲೇ ಹೇಳಿಟ್ಟೆವು. ಕತ್ತಲಾದ ಮೇಲೆ, ಕೋಳಿಗಳು ಗೂಡು ಸೇರಿದ ಹೊತ್ತಿಗೆ, ಟಾರ್ಚ್ ಹಿಡಿದು ಥರ್ಮಾಸ್ ಫ್ಲಾಸ್ಕ್ ಜೊತೆ ಮನೆಯಿಂದ ಮನೆಗೆ. ಒಬ್ಬರು ಹಿಡಿಯುವುದು, ಒಬ್ಬರು ಹನಿ ಬಿಡುವುದು, ಕೆಲವು ಮನೆಯಲ್ಲಿ ಚಹಾ. ವರ್ಷಗಟ್ಟಲೆ ಗೇಟಿನಲ್ಲೇ ನಿಂತು ಮಾತಾಡಿದವರ ಹಿತ್ತಿಲು ಆವತ್ತು ನೋಡಿದೆವು.

ಮರಿಗಳ ಹಿಂದೆ ಕೂತು ಕಾಲ ಕಳೆಯುವುದು ಸುಮ್ನೆ ಅಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಸಾಕ್ಷಿ ಉಂಟು. ನಾರ್ವೆಯ ಪ್ರಾಣಿವಿಜ್ಞಾನಿ ಥೋರ್ಲೈಫ್ ಶೆಲ್ಡೆರುಪ್-ಎಬ್ಬೆ ಹುಡುಗನಾಗಿದ್ದಾಗಲೇ ಕೋಳಿಗಳನ್ನು ನೋಡಿ ನೋಡಿ ಬರೆದಿಟ್ಟುಕೊಳ್ಳುತ್ತಿದ್ದ. ಯಾವುದು ಯಾವುದಕ್ಕೆ ಕುಟುಕುತ್ತದೆ, ಯಾವುದು ತಿರುಗಿ ಕುಟುಕುವುದಿಲ್ಲ ಅಂತ. ಕೋಳಿಗಳಲ್ಲಿ ಮೇಲು ಕೆಳಗಿನ ಸಾಲು ಇದೆ ಅಂತ 1921ರಲ್ಲಿ ಅವನು ತೋರಿಸಿಕೊಟ್ಟ. ನಮ್ಮ ಪೆಟ್ಟಿಗೆಯಲ್ಲೂ ಕೆಲವು ವಾರದಲ್ಲಿ ಅದು ಶುರುವಾಯಿತು. ಎದೆ ಉಬ್ಬಿಸಿ ಎರಡು ಎದುರುಬದುರು ನಿಲ್ಲುವುದು, ಜಿಗಿಯುವುದು, ಒಂದು ಕತ್ತು ತಗ್ಗಿಸುವುದು. ಬೆಳೆದ ಕೋಳಿಗಳ ಗತ್ತು, ಮೈಯಲ್ಲಿ ಇನ್ನೂ ಅರ್ಧ ತುಪ್ಪಳ. ನಗು ತಡೆಯುವುದು ಕಷ್ಟ. ಇನ್ನು ಇಟಲಿಯ ವಿಜ್ಞಾನಿಗಳು 2009ರಲ್ಲಿ ಕೆಲವೇ ದಿನದ ಮರಿಗಳಿಗೆ ಲೆಕ್ಕದ ಪರೀಕ್ಷೆ ಕೊಟ್ಟರು. ಮರಿಗಳ ಜೊತೆಗೇ ಇಟ್ಟಿದ್ದ ಪ್ಲಾಸ್ಟಿಕ್ ಗುಂಡುಗಳನ್ನು ಅವುಗಳ ಕಣ್ಣೆದುರೇ ಎರಡು ಪರದೆಯ ಹಿಂದೆ ಅಡಗಿಸಿ, ಕೆಲವನ್ನು ಆಚೀಚೆ ಮಾಡಿದರು. ಜಾಸ್ತಿ ಗುಂಡು ಎಲ್ಲಿದೆಯೋ ಆ ಪರದೆಯ ಕಡೆಗೇ ಹೆಚ್ಚಿನ ಮರಿಗಳು ನಡೆದವು. ಕೂಡಿಸು ಕಳೆ ಮಾಡದೆ ಅದು ಆಗುವುದಿಲ್ಲ. ಲೆಕ್ಕ ಅಂದರೆ ಮುಖ ಸಿಂಡರಿಸುವ ಮಗಳಿಗೆ ಇದನ್ನು ಹೇಳಬಾರದಿತ್ತೋ ಏನೋ. "ಹಾಗಾದ್ರೆ ಹೋಮ್‌ವರ್ಕ್ ಅವೇ ಮಾಡ್ಲಿ" ಅಂದಳು.

ಮೂರು ವಾರವಾದ ಮೇಲೆ ಬಿಸಿಲಿಗೆ ಬಿಡಬಹುದು. ಆಗ ಮೇಲಿನಿಂದ ಕಾಗೆ, ಗಿಡುಗ. ಕೆಳಗಿನಿಂದ ಮುಂಗುಸಿ, ಕೇರೆ ಹಾವು, ಹೆಗ್ಗಣ. ಪಕ್ಕದಿಂದ ನಮ್ಮದೇ ಬೆಕ್ಕು. ಅಂಗಡಿಯಲ್ಲಿ ಸಿಗುವ ತೆಳ್ಳಗಿನ ಕೋಳಿ ಬಲೆ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಒಳಗೆ ಬರುವವರನ್ನು ತಡೆಯುವುದಿಲ್ಲ. ಅರ್ಧ ಇಂಚಿನ ಕಣ್ಣಿನ ಗಟ್ಟಿ ಜಾಲರಿ ಬೇಕು, ಅದರ ಬುಡ ಮಣ್ಣಿನೊಳಗೆ ಇರಬೇಕು. ನಾವು ಗೂಡಿನ ಸುತ್ತ ಮುರಕಲ್ಲು ಹೂತಿದ್ದೇವೆ. ಹೆಗ್ಗಣ ಅಲ್ಲಿಗೆ ಬಂದು ಯೋಚಿಸುತ್ತದೆ.

ಇದನ್ನೆಲ್ಲ ಮಾಡುತ್ತಿರುವಾಗಲೇ ಪಕ್ಕದ ಮನೆಯ ಅಕ್ಕನ ನಾಟಿ ಹೇಂಟೆಯೊಂದು ತನ್ನ ಮರಿಗಳನ್ನು ಕಟ್ಟಿಕೊಂಡು ನಮ್ಮ ಅಂಗಳಕ್ಕೆ ಬರುತ್ತಿತ್ತು. ಅದನ್ನು ನೋಡಿದರೆ ನಮ್ಮ ಬಲ್ಬು, ಬಾಟಲಿ, ತಟ್ಟೆ, ಜಾಲರಿ ಎಲ್ಲ ಸೇರಿ ಒಂದು ಹೇಂಟೆಯ ಅರ್ಧ ಕೆಲಸವನ್ನೂ ಮಾಡುವುದಿಲ್ಲ ಅಂತ ಗೊತ್ತಾಗುತ್ತದೆ. ಮಳೆಹನಿ ಬಿದ್ದ ಕೂಡಲೇ ಎಲ್ಲ ಅದರ ರೆಕ್ಕೆಯ ಕೆಳಗೆ. ಒಂದು ಹುಳ ಸಿಕ್ಕಿದರೆ ಎತ್ತುತ್ತದೆ, ಬೀಳಿಸುತ್ತದೆ, ಕೊಕ್ ಕೊಕ್ ಅಂತ ಕರೆಯುತ್ತದೆ, ತಾನು ತಿನ್ನುವುದಿಲ್ಲ. ಆಕಾಶದಲ್ಲಿ ನೆರಳು ಸುಳಿದರೆ ಬೇರೆಯದೇ ಸ್ವರ, ಮರಿಗಳು ಇದ್ದಲ್ಲೇ ಕಲ್ಲು. ಮುಖ್ಯವಾಗಿ ಅದರ ಮರಿಗಳು ಒದ್ದೆ ಜಾಗದಲ್ಲಿ ಎರಡು ದಿನ ಇರುವುದೇ ಇಲ್ಲ. ಇವತ್ತು ಗೊಬ್ಬರದ ಗುಂಡಿ, ನಾಳೆ ಬಾಳೆಯ ಬುಡ, ನಾಡಿದ್ದು ನಮ್ಮ ಮೆಟ್ಟಿಲು. ಹಿಕ್ಕೆ ಹಿಂದೆ ಉಳಿಯುತ್ತದೆ, ಮರಿಗಳು ಮುಂದೆ ಹೋಗುತ್ತವೆ.

ಹಾಗಾಗಿ ಹೊಸಬರಿಗೆ ನನ್ನ ಸಲಹೆ ಸ್ವಲ್ಪ ತಿರುಗುಮುರುಗು. ಒಂದು ಪೆಟ್ಟಿಗೆ ಮರಿ ತರುವ ಮೊದಲು, ಕಾವಿಗೆ ಕೂತ ಒಂದು ಹೇಂಟೆ ಎಲ್ಲಾದರೂ ಸಿಗುತ್ತದಾ ನೋಡಿ. ಒಂದೆರಡು ದಿನದ ಮರಿಗಳನ್ನು ರಾತ್ರಿ ಕತ್ತಲಲ್ಲಿ ಮೆಲ್ಲನೆ ಅದರ ಅಡಿಗೆ ಸೇರಿಸಿದರೆ ಬೆಳಿಗ್ಗೆ ತನ್ನದೇ ಅಂತ ಎಬ್ಬಿಸಿಕೊಂಡು ಹೋಗುವುದುಂಟು. ಕುಟುಕಲು ಶುರುಮಾಡಿದರೆ ಬಲ್ಬು ಇದ್ದೇ ಇದೆ. ನಾಟಿ ಹೇಂಟೆಯೇ ಇದಕ್ಕೆ ಸರಿ. ಸುಧಾರಿತ ತಳಿಗಳಲ್ಲಿ ಮೊಟ್ಟೆ, ಮಾಂಸ ಹೆಚ್ಚಿದೆ, ಕಾವಿಗೆ ಕೂರುವ ಗುಣ ಕಡಿಮೆಯಾಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ 1989ರಲ್ಲಿ ಬಂದ ಗಿರಿರಾಜ ಒಳ್ಳೆಯ ಕೋಳಿ, ಹೊಸಬರ ಕೈಗೆ ಹೊಂದುತ್ತದೆ, ಬೇಗ ತೂಕ ಬರುತ್ತದೆ. ಕಡಕ್‌ನಾಥ್ ಹುಚ್ಚು ನನಗೆ ಅರ್ಥವಾಗಿಲ್ಲ. ಮಧ್ಯಪ್ರದೇಶದ ಝಾಬುವಾದ ಆ ಕಪ್ಪು ಕೋಳಿಯ ಮಾಂಸಕ್ಕೆ 2018ರಲ್ಲಿ ಜಿಐ ಟ್ಯಾಗ್, ಅಂದರೆ ಇಂಥ ಊರಿನದ್ದು ಅನ್ನುವ ಅಧಿಕೃತ ಗುರುತು, ಸಿಕ್ಕಿತು, ಆಮೇಲೆ ಮರಿಯ ರೇಟು ಕೇಳಿದರೆ ತಲೆ ತಿರುಗುತ್ತದೆ. ನಮ್ಮ ಕಾಡಿಗೇ ಹೆಮ್ಮೆಪಡುವ ವಿಷಯ ಇನ್ನೊಂದಿದೆ. ಊರ ಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಕೋಳಿಗಳ ಹಳದಿ ಕಾಲಿನ ವಂಶವಾಹಿ ಬಂದದ್ದು ಬೂದು ಕಾಡುಕೋಳಿಯಿಂದ ಅಂತ 2008ರಲ್ಲಿ ಗೊತ್ತಾಯಿತು. ಅದು ಸೋಮೇಶ್ವರ, ಆಗುಂಬೆಯ ಕಾಡಿನಲ್ಲಿ ಬೆಳಿಗ್ಗೆ ಕೂಗುತ್ತದಲ್ಲ, ಅದೇ.

ಕೊನೆಗೆ ಹುಂಜಗಳ ವಿಷಯ. ಮರಿ ಮಾರುವವರು ಇದನ್ನು ಎತ್ತುವುದೇ ಇಲ್ಲ. ಹೆಣ್ಣು ಗಂಡು ಬೇರೆ ಮಾಡದ ಪೆಟ್ಟಿಗೆಯಲ್ಲಿ ಅರ್ಧ ಹುಂಜ ಇರುತ್ತದೆ. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುತ್ತಾರಲ್ಲ, ಅವು ಹೆಚ್ಚಾಗಿ ಮೊಟ್ಟೆ ತಳಿಯ ಗಂಡು ಮರಿಗಳು. ಮೊಟ್ಟೆ ಇಡುವುದಿಲ್ಲ, ಮಾಂಸವೂ ಬೇಗ ಬರುವುದಿಲ್ಲ, ಹಾಗಾಗಿ ಹ್ಯಾಚರಿಗೆ ಬೇಡ. ಹುಟ್ಟಿದ ದಿನವೇ ಅವನ್ನು ಕೊಲ್ಲುವುದು ಈ ಉದ್ಯಮದಲ್ಲಿ ಮಾಮೂಲಿ. ಜರ್ಮನಿ 2022ರಿಂದ ಅದನ್ನು ನಿಷೇಧಿಸಿದೆ. ಬಣ್ಣದ ಮರಿ ಕೊಳ್ಳಬೇಡಿ. ಮಕ್ಕಳು ಅತ್ತರೂ ಬೇಡ. ಅವು ಹೆಚ್ಚಿನವು ವಾರವೂ ಬದುಕುವುದಿಲ್ಲ, ಆಗ ಮಕ್ಕಳು ಇನ್ನೂ ಜಾಸ್ತಿ ಅಳುತ್ತಾರೆ.

ನಮ್ಮಲ್ಲಿ ಎರಡು ತಿಂಗಳ ಹೊತ್ತಿಗೆ ಕೆಲವರ ಜುಟ್ಟು ಕೆಂಪೇರಿತು. ಆಮೇಲೆ ಗಂಟಲು ಕಟ್ಟಿದವರ ಹಾಗೆ ಕೂಗು ಶುರು, ಅದೂ ಬೆಳಗಿನ ಜಾವಕ್ಕೆ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಉಳಿದವಕ್ಕೆ ನಮ್ಮೂರಿನಲ್ಲಿ ಗಿರಾಕಿಗಳಿಗೆ ಬರವಿಲ್ಲ. ಕೆಂಪು ಮೈಯ ಒಂದನ್ನು ನೋಡಿ, "ಇದು ಒಳ್ಳೆ ಕೆಮ್ಮೈರೆ, ಅಂಕಕ್ಕೆ ಆಗ್ತದೆ, ಕೊಡ್ತೀರಾ?" ಅಂತ ಗೇಟಿನ ಹೊರಗಿನಿಂದಲೇ ಕೇಳಿದವರಿದ್ದಾರೆ. ಕೊಡಲಿಲ್ಲ. ಅಂಕ, ಅಂದರೆ ಕೋಳಿ ಕಾಳಗ, ಕಾನೂನಿಗೆ ಆಗದ್ದು ಅನ್ನುವುದು ಹಾಗಿರಲಿ, ಕಾಲಿಗೆ ಸಣ್ಣ ಕತ್ತಿ ಕಟ್ಟಲಿಕ್ಕೆ ನಾನು ಗೆದ್ದಲು ತಿನ್ನಿಸಿ ಸಾಕಿದ್ದಲ್ಲ. ಅತ್ತೆಗೆ ಮಾತ್ರ ಮೊದಲಿನಿಂದಲೂ ಕೋಳಿ ಸುಕ್ಕದ ಅಡುಗೆಯ ಲೆಕ್ಕ ಇತ್ತು. ಅದನ್ನು ಅವರು ಮುಚ್ಚಿಟ್ಟೂ ಇರಲಿಲ್ಲ. ನಾವೇನು ಕೋಳಿ ತಿನ್ನದವರಲ್ಲ. ಭಾನುವಾರ ಅಂಗಡಿಯಿಂದ ತಂದು ತಿಂದು, ಮನೆಯದ್ದನ್ನು ಮುಟ್ಟಬಾರದು ಅಂದರೆ ಅದು ಎಂಥ ನ್ಯಾಯ ಅಂತ ಅವರು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಕೊನೆಗೆ ಅವರೇ ಒಂದು ಒಪ್ಪಂದಕ್ಕೆ ಬಂದರು. ಹೆಸರಿಟ್ಟ ಹುಂಜವನ್ನು ಕೊಯ್ಯುವಂತಿಲ್ಲ, ಹೆಸರಿಲ್ಲದ್ದರ ಬಗ್ಗೆ ಯಾರೂ ಮಾತಾಡುವಂತಿಲ್ಲ. ಮಗಳು ತಲೆಯಾಡಿಸಿ ಒಪ್ಪಿದಳು. ಮರುದಿನ ಶಾಲೆಯಿಂದ ಬಂದವಳೇ ಗೂಡಿನ ಮುಂದೆ ನೋಟ್ ಪುಸ್ತಕ ಹಿಡಿದು ಕೂತು, ಒಂದನ್ನೂ ಬಿಡದೆ ಎಲ್ಲಕ್ಕೂ ಹೆಸರು ಬರೆದಿದ್ದಾಳೆ. ಅತ್ತೆ ದಿನಾ ಆ ಹೆಸರುಗಳನ್ನು ಮರೆಯುತ್ತಿದ್ದಾರೆ, ಬೇಕೆಂದೇ.